ಹನಿಯೋ, ಬರೀ ಚುಕ್ಕೆಯೋ? ಎಫ್‌ಯುಎಸ್ ಪ್ರೋಟೀನ್ ಜೊತೆ ನನ್ನ ಅನುಭವ

ಜೀವಕೋಶದ ಒಳಗೆ ಪೊರೆಯೇ ಇಲ್ಲದ ಭಾಗಗಳಿವೆ. ಕೋಶಕೇಂದ್ರದೊಳಗಿನ ನ್ಯೂಕ್ಲಿಯೋಲಸ್ ಅಂಥದ್ದು. ಸುತ್ತ ಗೋಡೆಯಿಲ್ಲ, ಆದರೂ ಚದುರಿ ಹೋಗುವುದಿಲ್ಲ. ಹೇಗೆ? 2009ರಲ್ಲಿ ಕ್ಲಿಫರ್ಡ್ ಬ್ರ್ಯಾಂಗ್‌ವಿನ್, ಆಂಥನಿ ಹೈಮನ್ ಮತ್ತು ಸಂಗಡಿಗರು ಸಿ. ಎಲಿಗನ್ಸ್ ಎಂಬ ಪುಟ್ಟ ಹುಳುವಿನ ಭ್ರೂಣದಲ್ಲಿ ಒಂದು ದಾರಿ ತೋರಿಸಿದರು. ಅದರಲ್ಲಿರುವ ಪಿ ಗ್ರ್ಯಾನ್ಯೂಲ್‌ಗಳು (ಪ್ರೋಟೀನ್ ಮತ್ತು ಆರ್‌ಎನ್‌ಎ ಸೇರಿದ ಪುಟ್ಟ ಕಣಗಳು) ದ್ರವದ ಹನಿಗಳಂತೆ ನಡೆದುಕೊಳ್ಳುತ್ತವೆ. ಸಾರಿನ ಮೇಲೆ ತೇಲುವ ಎಣ್ಣೆಯ ಹಾಗೆ, ಎರಡು ತಾಗಿದರೆ ಒಂದಾಗುತ್ತವೆ.

ನಾನು ಕೆಲಸ ಮಾಡುವುದು ಎಫ್‌ಯುಎಸ್ ಎಂಬ ಪ್ರೋಟೀನ್ ಮೇಲೆ. ಇದರ ಜೀನ್‌ನಲ್ಲಿ ಕೆಲವು ಬದಲಾವಣೆಗಳಾದರೆ ಎಎಲ್‌ಎಸ್ ಎಂಬ ನರಗಳ ಕಾಯಿಲೆ ಬರುತ್ತದೆ. ಇದೂ ಅಂಥದ್ದೇ ಹನಿಗಳನ್ನು ಕಟ್ಟುತ್ತದೆ. ಹಾಗಾಗಿ ಈ ಹನಿಗಳನ್ನು ನೋಡುವುದು ನನಗೆ ಬರೀ ಕುತೂಹಲದ ವಿಷಯವಲ್ಲ.

ಎಫ್‌ಯುಎಸ್ ತುಂಬಾ ಅಂಟುವ ಪ್ರೋಟೀನ್. ಅದನ್ನು ಬ್ಯಾಕ್ಟೀರಿಯಾದಲ್ಲಿ ಎಂಬಿಪಿ ಎಂಬ ಇನ್ನೊಂದು ಪ್ರೋಟೀನ್ ಬಾಲದ ಜೊತೆ ಬೆಳೆಸುತ್ತೇನೆ. ಜಾಸ್ತಿ ಉಪ್ಪಿರುವ ಬಫರ್ ದ್ರಾವಣದಲ್ಲೇ ಇಡುತ್ತೇನೆ. ಇವೆರಡೂ ಅದು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಆಮೇಲೆ ಟೆವ್ ಪ್ರೋಟಿಯೇಸ್ ಎಂಬ ಕಿಣ್ವ ಹಾಕಿ ಬಾಲ ಕತ್ತರಿಸಿ, ಉಪ್ಪನ್ನು 150 ಮಿಲಿಮೋಲಾರ್ ಹತ್ತಿರಕ್ಕೆ ಇಳಿಸುತ್ತೇನೆ. ತಿಳಿಯಾಗಿದ್ದ ದ್ರವ ನೋಡ್ತಾ ನೋಡ್ತಾ ಮಬ್ಬಾಗುತ್ತದೆ. ಅದನ್ನು ನೋಡುವ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಆದರೆ ಮಬ್ಬಾಯಿತು ಅಂದಮಾತ್ರಕ್ಕೆ ಹನಿ ಆಯಿತು ಅಂತಲ್ಲ. ಪ್ರೋಟೀನ್ ಸುಮ್ನೆ ಮುದ್ದೆಗಟ್ಟಿದರೂ ಹೀಗೇ ಕಾಣುತ್ತದೆ. ಮೈಕ್ರೋಸ್ಕೋಪ್ ಕೆಳಗೆ ಇಡುವ ಮೊದಲು ಗಾಜಿಗೆ ಪಾಲಿಎಥಿಲೀನ್ ಗ್ಲೈಕಾಲ್ ಲೇಪ ಕೊಡುತ್ತೇನೆ. ಇಲ್ಲದಿದ್ದರೆ ಹನಿ ಗಾಜಿನ ಮೇಲೆ ಹರಡಿಬಿಡುತ್ತದೆ. ಆಮೇಲೆ ಕಾಯಬೇಕು. ಎರಡು ಹನಿ ತಾಗಿ, ಒಂದಾಗಿ, ಮತ್ತೆ ದುಂಡಗಾಗುತ್ತವೆಯೇ? ಹೊಳೆಯುವ ಬಣ್ಣ ಹಚ್ಚಿದ ಹನಿಯ ಒಂದು ಭಾಗವನ್ನು ಲೇಸರ್‌ನಿಂದ ಸುಟ್ಟು ಕಪ್ಪು ಮಾಡಿದರೆ, ಉಳಿದ ಕಡೆಯಿಂದ ಹೊಳಪು ಬಂದು ತುಂಬುತ್ತದೆಯೇ?

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇನ್ನೊಂದು ಪರೀಕ್ಷೆಯ ಮೇಲೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಹನಿಗಳನ್ನು ತಳಕ್ಕೆ ಇಳಿಸಿ, ಮೇಲೆ ಉಳಿದ ದ್ರವದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯುತ್ತೇನೆ. ಒಟ್ಟು ಪ್ರೋಟೀನ್ ಹೆಚ್ಚಿಸಿದರೂ ಮೇಲಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಹೆಚ್ಚಾದದ್ದೆಲ್ಲ ಹನಿಗೇ ಹೋಗಬೇಕು. ಒಂದೇ ಪ್ರೋಟೀನ್ ಇರುವ ಟ್ಯೂಬಿಗೆ ಮಾತ್ರ ಇದು ಚೆನ್ನಾಗಿ ಹೊಂದುತ್ತದೆ. ಜೀವಂತ ಕೋಶದಲ್ಲಿ ನೂರಾರು ಅಣುಗಳು ಒಟ್ಟಿಗಿರುವುದರಿಂದ ಲೆಕ್ಕ ಅಷ್ಟು ಸರಳವಲ್ಲ. ಅಲ್ಲಿ ಇನ್ನೊಂದು ತೊಡಕೂ ಇದೆ. ಸುಮಾರು 200 ನ್ಯಾನೋಮೀಟರ್‌ಗಿಂತ ಚಿಕ್ಕದಾದ ಏನೇ ಇದ್ದರೂ ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲಿ ದುಂಡು ಚುಕ್ಕೆಯಾಗಿಯೇ ಕಾಣುತ್ತದೆ!

1,6-ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕ ಹಾಕಿದಾಗ ಚುಕ್ಕೆ ಕರಗಿತು, ಆದ್ದರಿಂದ ಅದು ದ್ರವ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಆ ರಾಸಾಯನಿಕ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಸೇರಿಸುವ ಕೈನೇಸ್ ಕಿಣ್ವಗಳ ಕೆಲಸವನ್ನೂ ಕೆಡಿಸುತ್ತದೆ ಎಂದು 2021ರಲ್ಲಿ ಗೊತ್ತಾಗಿದೆ.

ಹನಿಗಳನ್ನು ಹಾಗೇ ಬಿಟ್ಟರೆ ಗಂಟೆಗಳು ಕಳೆದ ಹಾಗೆ ಗಟ್ಟಿಯಾಗುತ್ತವೆ. ತಾಗಿದರೂ ಒಂದಾಗುವುದಿಲ್ಲ, ಸುಟ್ಟ ಜಾಗಕ್ಕೆ ಹೊಳಪು ಮರಳುವುದಿಲ್ಲ. ಎಎಲ್‌ಎಸ್ ರೋಗಿಯಲ್ಲಿ ಕಂಡ ಜಿ156ಇ ಎಂಬ ಬದಲಾವಣೆ ಇದ್ದರೆ ಇದು ಬೇಗ ಆಗುತ್ತದೆ, ನಾರಿನಂಥ ಎಳೆಗಳೂ ಹೊರಡುತ್ತವೆ. ಹೈಮನ್ ತಂಡ ಇದನ್ನು 2015ರಲ್ಲೇ ತೋರಿಸಿತ್ತು. 2018ರಲ್ಲಿ ಅದೇ ತಂಡದ ಕೆಲಸದಿಂದ ಇನ್ನೊಂದು ವಿಷಯ ತಿಳಿಯಿತು. ಕೋಶಕೇಂದ್ರದಲ್ಲಿ ಆರ್‌ಎನ್‌ಎ ಜಾಸ್ತಿ ಇರುವುದರಿಂದಲೇ ಎಫ್‌ಯುಎಸ್ ಅಲ್ಲಿ ಕರಗಿದ ಸ್ಥಿತಿಯಲ್ಲಿರುತ್ತದೆ. ಅದಕ್ಕೇ ಈಗ ನನ್ನ ಪ್ರತಿ ಟ್ಯೂಬಿನ ಪಕ್ಕದಲ್ಲೂ ಆರ್‌ಎನ್‌ಎ ಸೇರಿಸಿದ ಇನ್ನೊಂದು ಟ್ಯೂಬ್ ಇರುತ್ತದೆ. ಗಟ್ಟಿಯಾಗುವುದನ್ನು ಅದು ಎಷ್ಟು ಹೊತ್ತು ತಡೆಯಬಲ್ಲದು ಅಂತ ನೋಡುತ್ತಿದ್ದೇನೆ.