ಸ್ಪೀಡ್‌ಸ್ಟರ್‌ಗೆ ಏರಿಳಿಸುವ ಗ್ಲಾಸ್ ಹಾಕಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಅಸಲಿ ಪೋರ್ಷೆ ಅಲ್ಲ. ಪೋರ್ಷೆಯ 356 ಸ್ಪೀಡ್‌ಸ್ಟರ್ ಎಂಬ ಹಳೇ ತೆರೆದ ಸ್ಪೋರ್ಟ್ಸ್ ಕಾರಿನ ನಕಲು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳ, ಹಿಂದೆ ಅದೇ ಬೀಟಲ್ ಇಂಜಿನ್, ಮೇಲೆ ಫೈಬರ್ ಬಾಡಿ. ನೋಡಲಿಕ್ಕೆ ಚಂದ ಉಂಟು. ಮಂಗಳೂರಿನ ಕದ್ರಿ ಪಾರ್ಕ್ ಹತ್ತಿರ ನಿಲ್ಲಿಸಿದರೆ ಫೋಟೊ ತೆಗೆಯುವವರು ಬಂದೇ ಬರುತ್ತಾರೆ. ಆದರೆ ಜೂನ್ ಬಂತು ಅಂದರೆ ಇದು ಶೆಡ್ಡಿನಿಂದ ಹೊರಗೆ ಬರುವ ಹಾಗೆಯೇ ಇರಲಿಲ್ಲ. ಬಾಗಿಲಲ್ಲಿ ಗ್ಲಾಸೇ ಇಲ್ಲ!

ಇದು ನಕಲು ಮಾಡಿದವರ ತಪ್ಪಲ್ಲ. 1954ರಲ್ಲಿ ಬಂದ ಅಸಲಿ ಸ್ಪೀಡ್‌ಸ್ಟರ್‌ಗೂ ಗ್ಲಾಸ್ ಇರಲಿಲ್ಲ. ಅಮೆರಿಕದಲ್ಲಿ ಕಡಿಮೆ ಬೆಲೆಗೆ ಮಾರಬೇಕು ಅಂತ ಮಾಡಿದ ಕಾರು ಅದು, ಕ್ಯಾಲಿಫೋರ್ನಿಯಾದ ಬಿಸಿಲಿಗೆ ಸರಿಯಾಗಿತ್ತು. ಮಳೆ ಬಂದರೆ ಸಿಕ್ಕಿಸಿಕೊಳ್ಳಲು ಎರಡು ಸೈಡ್ ಕರ್ಟನ್ ಕೊಡುತ್ತಿದ್ದರು. ನಮ್ಮ ರಿಕ್ಷಾಗಳಿಗೆ ಮಳೆಗಾಲದಲ್ಲಿ ಇಳಿಬಿಡುವ ಟರ್ಪಾಲ್ ಉಂಟಲ್ಲ, ಅದಕ್ಕೆ ಸ್ವಲ್ಪ ಸೂಟುಬೂಟು ಹಾಕಿದ ಹಾಗೆ. ಕೊನೆಗೆ 1958ರಲ್ಲಿ ಪೋರ್ಷೆಯವರೇ ಸ್ಪೀಡ್‌ಸ್ಟರ್ ನಿಲ್ಲಿಸಿ, ಅದರ ಜಾಗಕ್ಕೆ ಎತ್ತರದ ವಿಂಡ್‌ಶೀಲ್ಡ್ ಮತ್ತು ಏರಿಳಿಸುವ ಗ್ಲಾಸ್ ಇದ್ದ ಕನ್ವರ್ಟಿಬಲ್ ಡಿ ತಂದರು. ಇದೇ ಥರದ ತೆರೆದ ಕಾರುಗಳಾದ ಬ್ರಿಟನ್ನಿನ ಟ್ರಯಂಫ್ ಟಿಆರ್4ಗೆ 1961ರಲ್ಲಿ, ಎಂಜಿಬಿಗೆ 1962ರಲ್ಲಿ ಗ್ಲಾಸ್ ಬಂತು. ಹಾಗಾಗಿ "ಅಸಲಿತನ ಹಾಳು ಮಾಡಿದೆ" ಅಂತ ಬೈಯುವವರಿಗೆ ನನ್ನ ಉತ್ತರ ಇಷ್ಟೇ: ಫೈಬರ್ ಕಾರಿನಲ್ಲಿ ಎಂತ ಅಸಲಿತನ ಮಾರಾಯ್ರೇ?

ಕೆಲಸ ಶುರು ಮಾಡುವಾಗ ನನ್ನ ತಲೆಯಲ್ಲಿದ್ದದ್ದು ರೆಗ್ಯುಲೇಟರ್ ಮಾತ್ರ. ಅದೇ, ಹ್ಯಾಂಡಲ್ ತಿರುಗಿಸಿದರೆ ಗ್ಲಾಸ್ ಎತ್ತುವ ವಿಂಡೋ ಮೆಷಿನ್. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಗುಜರಿಯಿಂದ ಕತ್ತರಿ ಥರದ ಎರಡು ಕೈ ಇರುವ ಹಳೇ ಮೆಷಿನ್ ತಂದೆ. ಬಾಗಿಲ ಒಳಗೆ ಇಟ್ಟು ನೋಡಿದರೆ ಅದರ ಕೈ ಹೋಗಿ ಲಾಕಿನ ರಾಡಿಗೆ ಬಡಿಯುತ್ತದೆ. ನನ್ನ ಬಾಗಿಲ ಒಳಗೆ ಇರುವ ಜಾಗ ಬರೀ 7 ಸೆಂಟಿಮೀಟರ್. ಮತ್ತೆ ಗುಜರಿಗೆ ಹೋಗಿ, ಒಂದು ಸಣ್ಣ ಕಾರಿನ ಕೇಬಲ್ ಥರದ ಮೆಷಿನ್ ತಂದೆ. ಒಂದೇ ಪಟ್ಟಿ, ಅದರ ಮೇಲೆ ಜಾರುವ ಬ್ರಾಕೆಟ್, ಎಳೆಯಲು ತಂತಿ. ತೆಳ್ಳಗಿದೆ, ಎಲ್ಲಿ ಬೇಕಾದರೂ ಕೂರುತ್ತದೆ. ಪವರ್ ವಿಂಡೋ ಹಾಕು ಅಂತ ಮಗ ಹೇಳಿದ. ಸಮುದ್ರದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಮನೆ, ಉಪ್ಪು ಗಾಳಿಗೆ ಗೇಟಿನ ಕೀಲೇ ಉಳಿಯುವುದಿಲ್ಲ, ಇನ್ನು ಬಾಗಿಲ ಒಳಗಿನ ಮೋಟಾರು ಉಳಿಯುತ್ತದಾ?

ನಿಜವಾದ ತಲೆನೋವು ಗ್ಲಾಸ್ ಇಳಿಯುವ ಜಾಗದ್ದು. ಬಾಗಿಲ ಮೇಲೆ 28 ಸೆಂಟಿಮೀಟರ್ ಕಾಣಬೇಕು. ಪೂರ್ತಿ ಏರಿಸಿದಾಗಲೂ ಕೆಳಗೆ ಒಂದಷ್ಟು ಬಾಗಿಲ ಒಳಗೇ ಇರಬೇಕು. ಯಾಕೆಂದರೆ ಈ ಕಾರಿನ ಬಾಗಿಲಿಗೆ ಮೇಲೆ ಫ್ರೇಮ್ ಇಲ್ಲ, ಗ್ಲಾಸನ್ನು ಹಿಡಿಯುವುದೆಲ್ಲ ಕೆಳಗಿನಿಂದಲೇ. ನಾನು 8 ಸೆಂಟಿಮೀಟರ್ ಬಿಟ್ಟೆ. ಅಲ್ಲಿಗೆ 36 ಆಯಿತು, ಗ್ಲಾಸಿನ ಅಡಿಯನ್ನು ಹಿಡಿಯುವ ಚಾನೆಲ್ ಸೇರಿ 38. ಬಾಗಿಲ ಆಳ ಮುಂದೆ 42 ಉಂಟು, ಹಿಂದೆ ಲಾಕ್ ಹತ್ತಿರ 35 ಮಾತ್ರ. ಎರಡು ದಿನ ಸುಮ್ನೆ ಬಾಗಿಲು ನೋಡುತ್ತಾ ಕೂತಿದ್ದೆ. ಆಮೇಲೆ ಹೊಳೆಯಿತು, ಗ್ಲಾಸಿನ ಹಿಂದಿನ ಕೆಳಮೂಲೆ ಓರೆಯಾಗಿ ಕತ್ತರಿಸಿದರೆ ಸಾಕು, ಅದು ಹೊರಗೆ ಯಾರಿಗೂ ಕಾಣುವುದೇ ಇಲ್ಲ ಅಲ್ವಾ.

ಫೈಬರ್ ಕೆಲಸಕ್ಕೆ ಮಲ್ಪೆಗೆ ಹೋದೆ. ಕಾರಿನ ಬಾಡಿ ಕೆಲಸದವರು "ಫೈಬರ್ ನಮಗೆ ಆಗುವುದಿಲ್ಲ" ಅಂದಿದ್ದರು. ದೋಣಿಗಳ ಫೈಬರ್ ರಿಪೇರಿ ಮಾಡುವ ಒಬ್ಬರು ಒಪ್ಪಿದರು, ಆದರೆ ಮೇ ತಿಂಗಳೊಳಗೆ ಮುಗಿಯಬೇಕು ಅಂತ ಷರತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಬೋಟುಗಳೆಲ್ಲ ರಿಪೇರಿಗೆ ಬರುತ್ತವೆ, ಅವರಿಗೆ ತಲೆ ತುರಿಸಲೂ ಪುರುಸೊತ್ತು ಇರುವುದಿಲ್ಲ. ಬಾಗಿಲು ಬಡಿದು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಗ್ಲಾಸ್ ಎಷ್ಟು ತೂಕ ಸರ್?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಲ್ಲೇ ಲೆಕ್ಕ ಹಾಕಿದೆವು. 5 ಮಿಲಿಮೀಟರ್ ಗ್ಲಾಸ್ ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ನನ್ನ ತುಂಡು ಸುಮಾರು 3 ಕಿಲೋ, ಮೆಷಿನ್, ಚಾನೆಲ್ ಎಲ್ಲ ಸೇರಿ 5 ಕಿಲೋ ಮೇಲೆ. "ಹಾಗಾದರೆ ಬೋಲ್ಟು ಸೀದಾ ಫೈಬರಿಗೆ ಹಾಕಬೇಡಿ, ಒಂದು ವರ್ಷದಲ್ಲಿ ತೂತು ದೊಡ್ಡದಾಗಿ ಬಾಗಿಲು ಜೋತು ಬೀಳ್ತದೆ" ಅಂದರು. ಕೀಲಿನ ಹಿಂದೆ ಮತ್ತು ಮೆಷಿನ್ ಕೂರುವ ಜಾಗದಲ್ಲಿ 3 ಮಿಲಿಮೀಟರ್ ಸ್ಟೀಲ್ ಪ್ಲೇಟ್ ಇಟ್ಟು, ಮೇಲೆ ಮೂರು ಪದರ ಫೈಬರ್ ಮ್ಯಾಟ್ ಮತ್ತು ಅದನ್ನು ಗಟ್ಟಿ ಮಾಡುವ ರೆಸಿನ್ ಅಂಟು ಹಾಕಿ ಮುಚ್ಚಿದರು. ಬೋಲ್ಟು 316 ಗ್ರೇಡಿನ ಸ್ಟೇನ್‌ಲೆಸ್ಸೇ ಬೇಕು, 304 ಗ್ರೇಡಿನದ್ದಕ್ಕೆ ಇಲ್ಲಿನ ಗಾಳಿಗೆ ಕಲೆ ಬೀಳುತ್ತದೆ ಅಂತ ಅದೂ ಅವರೇ ಹೇಳಿದ್ದು. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಚಾನೆಲಿಗೆ ತಾಗುವಲ್ಲಿ ನೈಲಾನ್ ವಾಷರ್ ಹಾಕಿದೆವು, ಇಲ್ಲದಿದ್ದರೆ ಉಪ್ಪುನೀರು ಬಿದ್ದ ಕೂಡಲೇ ಅಲ್ಯೂಮಿನಿಯಂ ತಿನ್ನಲು ಶುರು. ಆ ಫೈಬರ್ ಧೂಳಿನಿಂದ ನನಗೆ ಎರಡು ದಿನ ಮೈಯೆಲ್ಲ ತುರಿಕೆ, ಅವರಿಗೆ ಏನೂ ಇಲ್ಲ.

ಈಗ ನನ್ನ ದೊಡ್ಡ ಎಡವಟ್ಟು. ಗ್ಲಾಸಿನ ಅಳತೆಗೆ ಮೊದಲು 5 ಮಿಲಿಮೀಟರ್ ಪಾಲಿಕಾರ್ಬೊನೇಟ್ ಶೀಟಲ್ಲಿ ಬಲಗಡೆಯ ಮಾದರಿ ಕತ್ತರಿಸಿದೆ. ಅದನ್ನು ಉಜ್ಜಿ ಉಜ್ಜಿ, ನೂರು ಸಲ ಏರಿಸಿ ಇಳಿಸಿ, ಸರಿ ಮಾಡಿದೆ. ಅಷ್ಟು ಮಾಡಿದ ಮೇಲೆ ಅದೇ ಮಾದರಿಯನ್ನು ಮಗುಚಿ, ಎಡಕ್ಕೂ ಬಲಕ್ಕೂ ಟಫನ್ಡ್ ಗ್ಲಾಸ್ (ಬಿಸಿ ಮಾಡಿ ಗಟ್ಟಿ ಮಾಡಿದ ಗ್ಲಾಸ್) ಆರ್ಡರ್ ಕೊಟ್ಟೆ. ಬಲಗಡೆ ಬೆಣ್ಣೆಯ ಹಾಗೆ ಕೂತಿತು. ಎಡಗಡೆ ಮುಂದಿನ ಅಂಚು 9 ಮಿಲಿಮೀಟರ್ ಜಾಸ್ತಿ. ಕೈಯಲ್ಲಿ ಅಚ್ಚು ಹಾಕಿದ ಫೈಬರ್ ಬಾಡಿ, ಎರಡು ಬಾಗಿಲು ಒಂದೇ ಅಳತೆ ಇರುತ್ತದೆ ಅಂತ ನಂಬಿದ್ದು ನನ್ನ ತಪ್ಪು. ಟಫನ್ಡ್ ಆದ ಮೇಲೆ ಗ್ಲಾಸನ್ನು ಕತ್ತರಿಸಲು ಆಗುವುದಿಲ್ಲ, ಅಂಚು ಉಜ್ಜಲು ಹೋದರೂ ಪೂರ್ತಿ ಪುಡಿಪುಡಿ. ಕತ್ತರಿಸುವುದು, ತೂತು ಮಾಡುವುದು ಎಲ್ಲ ಬಿಸಿ ಮಾಡುವ ಮೊದಲೇ ಮುಗಿಯಬೇಕು. ಎಡಗಡೆಗೆ ಬೇರೆ ಮಾದರಿ, ಬೇರೆ ಗ್ಲಾಸ್, ಮತ್ತೆ ಹನ್ನೆರಡು ದಿನ. ದಂಡದ ಗ್ಲಾಸ್ ಈಗ ಮನೆಯಲ್ಲಿ ಮೀನಿನ ತೊಟ್ಟಿಗೆ ಮುಚ್ಚಳ.

ಆ ಪಾಲಿಕಾರ್ಬೊನೇಟನ್ನೇ ಯಾಕೆ ಇಡಲಿಲ್ಲ ಅಂತ ತುಂಬ ಜನ ಕೇಳುತ್ತಾರೆ. ತೂಕ ಅರ್ಧಕ್ಕಿಂತ ಕಡಿಮೆ, ನಿಜ. ಆದರೆ ಎರಡೇ ವಾರ ಏರಿಸಿ ಇಳಿಸಿದ್ದಕ್ಕೆ ಗ್ಲಾಸ್ ಉಜ್ಜಿಕೊಂಡು ಹೋಗುವ ಬೀಡಿಂಗ್ ಪಟ್ಟಿಯಲ್ಲಿ ಸಿಕ್ಕಿದ ಮರಳು ಅದರ ಮೇಲೆ ಉದ್ದುದ್ದ ಗೀರು ಎಳೆದಿತ್ತು. ರಾತ್ರಿ ಎದುರಿನ ಲೈಟು ಬಿದ್ದರೆ ಏನೂ ಕಾಣುವುದಿಲ್ಲ. ಬಣ್ಣದ ಗ್ಲಾಸ್ ಕೂಡ ಬೇಡ ಅಂದೆ. ನಿಯಮದ ಪ್ರಕಾರ ಸೈಡ್ ಗ್ಲಾಸಲ್ಲಿ 50 ಶೇಕಡಾ ಬೆಳಕು ದಾಟಬೇಕು, ಸುಮ್ನೆ ಪೊಲೀಸರ ಹತ್ತಿರ ಚರ್ಚೆ ಯಾಕೆ.

ಹೊಂದಿಸುವುದು ತಾಳ್ಮೆಯ ಕೆಲಸ. ಗ್ಲಾಸ್ ಜಾರುವ ಚಾನೆಲಿನ ಕೆಳತುದಿಗೆ ಉದ್ದ ತೂತು ಕೊಟ್ಟಿದ್ದೆ. ಅದನ್ನು ಹೊರಕ್ಕೆ ತಳ್ಳಿದರೆ ಗ್ಲಾಸಿನ ಮೇಲಂಚು ಒಳಕ್ಕೆ ವಾಲಿ, ಕಾರಿನ ಮೇಲಿನ ಹೊದಿಕೆಯಾದ ಹುಡ್‌ಗೆ ಒತ್ತಿಕೊಳ್ಳುತ್ತದೆ. ಹುಡ್‌ನ ಬದಿಗೆ ಗ್ಲಾಸ್ ಕೂರಲು ರಬ್ಬರ್ ಅಂಚು ಬೇಕಿತ್ತು, ಅದನ್ನು ಕುಶನ್ ಕೆಲಸದವರ ಹತ್ತಿರ ಹೊಲಿಸಿದೆ. ಬಾಗಿಲ ಅಡಿಯಲ್ಲಿ ಮೂರು ತೂತು ಕೊರೆದೆ, ಗ್ಲಾಸಿನ ಮೇಲಿಂದ ನೀರು ಒಳಗೆ ಇಳಿಯುವುದು ಹೇಗೂ ತಪ್ಪುವುದಿಲ್ಲ, ಹೊರಗೆ ಹೋಗಲು ದಾರಿ ಬೇಕು. ಬಾಗಿಲ ಒಳಬದಿಯ ರೆಕ್ಸಿನ್ ಪ್ಯಾನೆಲಿನ ಹಿಂದೆ ದಪ್ಪ ಪ್ಲಾಸ್ಟಿಕ್ ಶೀಟ್. ಇದನ್ನು ಬಿಟ್ಟರೆ ರೆಕ್ಸಿನ್ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಅಂಗಳದಲ್ಲಿ ಪೈಪಿನಿಂದ ನೀರು ಬಿಟ್ಟಾಗ ಒಂದು ಹನಿಯೂ ಒಳಗೆ ಬರಲಿಲ್ಲ. ಜೂನಿನಲ್ಲಿ ಧೈರ್ಯ ಮಾಡಿ ಹೆಂಡತಿಯನ್ನು ಕೂರಿಸಿಕೊಂಡು ಉಡುಪಿಗೆ ಹೊರಟೆ. ಮೂಲ್ಕಿ ದಾಟುವಾಗ ಮಳೆ ಹಿಡಿಯಿತು, ಎದುರಿನಿಂದ ಬಂದ ಲಾರಿಯೊಂದು ಹೊಂಡದ ನೀರನ್ನು ಪೂರ್ತಿ ನನ್ನ ಬಾಗಿಲಿಗೇ ಎರಚಿತು, ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿದೆ. ಒಳಗೆ ಏನೂ ಇಲ್ಲ! ಪಡುಬಿದ್ರಿಯವರೆಗೂ ನಗುತ್ತಲೇ ಓಡಿಸಿದೆ. ಕಾಪು ಹತ್ತಿರ ಬರುವಾಗ ಎಡಗಡೆಯಿಂದ "ನಿಮ್ಮ ಬದಿ ಮಾತ್ರ ಸರಿ ಮಾಡಿಕೊಂಡದ್ದಾ?" ಅಂತ ಕೇಳಿತು. ನೋಡಿದರೆ ಎಡ ಗ್ಲಾಸಿನ ಮುಂದಿನ ಮೂಲೆಯಿಂದ ಸಣ್ಣಗೆ ಹನಿ, ಸರಿಯಾಗಿ ಅವಳ ಮೊಣಕಾಲ ಮೇಲೆ. ಆಮೇಲೆ ಎರಡು ಸಲ ರಬ್ಬರ್ ಬದಲಾಯಿಸಿದೆ, ಕಡಿಮೆ ಆಗಿದೆ, ನಿಂತಿಲ್ಲ. ಸದ್ಯಕ್ಕೆ ಡ್ಯಾಶಿನ ಕೆಳಗೆ ಒಂದು ಬೈರಾಸು ಇಟ್ಟಿದ್ದೇವೆ.