ದೇವರನ್ನಲ್ಲ, ಮೈಕ್ ಹಾಕಿದವನನ್ನು ಬರೆಯಿರಿ: ಹೊಸ ವ್ಯಂಗ್ಯಚಿತ್ರಕಾರರಿಗೆ

ನಮ್ಮ ದಾವಣಗೆರೆಯಲ್ಲಿ ಜಾತ್ರೆ, ಉರುಸು, ಗಣಪತಿ ಯಾವುದೇ ಬರಲಿ, ಜೊತೆಗೆ ಮೈಕ್ ಬಂದೇ ಬರುತ್ತದೆ. ಒಮ್ಮೆ ಇದರ ಮೇಲೇ ಚಿತ್ರ ಬರೆಯಲು ಕೂತೆ. ಮೊದಲು ಮೂಡಿದ್ದು, ದೇವರೇ ಎರಡೂ ಕಿವಿ ಮುಚ್ಚಿಕೊಂಡ ಚಿತ್ರ. ಮಂಡಕ್ಕಿ ಅಂಗಡಿಯಲ್ಲಿ ಗೆಳೆಯನಿಗೆ ತೋರಿಸಿದೆ. ಅವನು ಕೇಳಿದ್ದು ಒಂದೇ ಮಾತು: "ಮೈಕ್ ಹಾಕಿದೋನು ಎಲ್ಲಿದಾನಲೇ ಇದರಾಗೆ?"

ಇರಲೇ ಇಲ್ಲ. ತಪ್ಪು ಮಾಡಿದವನನ್ನು ಬಿಟ್ಟು ದೇವರನ್ನು ಹಿಡಿದಿದ್ದೆ.

ಎರಡನೇ ಸಲ ಬರೆದದ್ದು ಆಂಪ್ಲಿಫೈಯರ್ ತಿರುಪನ್ನು ಕೊನೆವರೆಗೂ ತಿರುಗಿಸುತ್ತಿರುವ ಒಂದು ಕೈ, ಬೆರಳಿಗೆಲ್ಲ ಉಂಗುರ. ಹಿಂದೆ ಕಿವಿಗೆ ಹತ್ತಿ ತುರುಕಿಕೊಂಡು ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ಹುಡುಗಿ. ಗಡಿಯಾರದಲ್ಲಿ ಹನ್ನೊಂದು ಗಂಟೆ ಇಟ್ಟಿದ್ದೆ, ಆಮೇಲೆ ಒಂದು ಗಂಟೆ ಮಾಡಿದೆ. ಯಾಕೆಂದರೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂತಿದ್ದರೂ, ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಚಿತ್ರದಲ್ಲಿ ಒಂದು ವಿವರ ತಪ್ಪಿದರೆ ಸಾಕು, ಜನ ಅದನ್ನೇ ಹಿಡಿದು ಇಡೀ ಮಾತನ್ನು ತಳ್ಳಿಹಾಕುತ್ತಾರೆ. ಪೆನ್ಸಿಲ್ ಹಿಡಿಯುವ ಮುಂಚೆ ನಿಯಮ ಓದಿ.

ಇದು ನಮಗೆ ಹೊಸ ದಾರಿಯೇನಲ್ಲ. ಕಲ್ಲು ನಾಗರಕ್ಕೆ ಹಾಲೆರೆಯುವವರು ನಿಜವಾದ ನಾಗರ ಕಂಡರೆ ಕೊಲ್ಲು ಅನ್ನುತ್ತಾರೆ ಎಂದು ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದರಲ್ವಾ? ಅಲ್ಲಿ ಪ್ರಶ್ನೆ ಹಾವಿಗಲ್ಲ, ಹಾಲು ಹಿಡಿದ ಕೈಗೆ.

ಇನ್ನು ವೇಷದ ವಿಷಯ. ಕಳ್ಳನೊಬ್ಬನನ್ನು ಬರೆಯುವಾಗ ಸುಮ್ನೆ ಟೋಪಿ, ಗಡ್ಡ, ಜುಟ್ಟು, ವಿಭೂತಿ ಹಾಕಿಬಿಡುವ ಅಭ್ಯಾಸ ಜಾಸ್ತಿ ಇದೆ. ಬೇಗ ಗುರುತು ಸಿಗಲಿ ಅಂತ ಹಾಗೆ ಮಾಡುತ್ತೇವೆ. ಆದರೆ ಅಲ್ಲಿಗೆ ಆ ಕಳ್ಳ ಹೋಗಿ, ಅವನ ಓಣಿಯ ಜನರೆಲ್ಲ ಕಟಕಟೆಗೆ ಬಂದು ನಿಂತಿರುತ್ತಾರೆ. ಅವನ ಕೆಲಸದಿಂದ ಗುರುತು ಕೊಡಿ: ಕೈಯಲ್ಲಿನ ರಸೀದಿ ಪುಸ್ತಕ, ಕಾರು, ಕುರ್ಚಿ. ಬರೆದಾದ ಮೇಲೆ ದೇವಸ್ಥಾನ ಇದ್ದ ಕಡೆ ಮಸೀದಿ, ಮಸೀದಿ ಇದ್ದ ಕಡೆ ಮಠ ಇಟ್ಟು ನೋಡಿ. ಆಗಲೂ ಇದೇ ಚಿತ್ರ ಬರೆಯುತ್ತಿದ್ದೆ ಅನಿಸಿದರೆ ಮುಂದುವರಿಯಿರಿ. ನಿಮ್ಮ ಮನೆಯ ದೇವರ ಜಾತ್ರೆಯ ತಪ್ಪನ್ನು ಒಮ್ಮೆಯೂ ಬರೆಯದೆ ಪಕ್ಕದವರದ್ದನ್ನೇ ಬರೆಯುತ್ತಿದ್ದರೆ, ಸ್ವಲ್ಪ ದಿನ ಅದನ್ನು ನಿಲ್ಲಿಸಿ.

ಕಾನೂನು ಇಷ್ಟು ಗೊತ್ತಿರಲಿ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿ ಹೇಳುತ್ತದೆ. ಧರ್ಮದ ಅವಮಾನಕ್ಕೆ ಶಿಕ್ಷೆ ಹೇಳುವ, 1927ರಲ್ಲಿ ಬಂದ ಐಪಿಸಿ (ಹಳೆಯ ದಂಡ ಸಂಹಿತೆ) 295ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ, 3 ವರ್ಷದವರೆಗೆ ಜೈಲು. ಬೇಕಂತಲೇ, ಕೆಟ್ಟ ಉದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮಾತ್ರ ಈ ಕಲಂ ಅನ್ವಯ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಹಾಗಂತ ಯಾರೂ ದೂರು ಕೊಡುವುದಿಲ್ಲ ಅಂತಲ್ಲ. ಆದ್ದರಿಂದ ಕಚ್ಚಾ ಚಿತ್ರ, ಯಾವ ಸುದ್ದಿ ನೋಡಿ ಬರೆದಿರೋ ಅದರ ತುಣುಕು, ತಾರೀಖು, ಎಲ್ಲ ಒಂದು ಫೈಲಿನಲ್ಲಿ ಇಡಿ. ನಿಮ್ಮ ಉದ್ದೇಶ ಏನಿತ್ತು ಅಂತ ತೋರಿಸಲು ಅದು ಬೇಕಾಗುತ್ತದೆ. ಸಹಿ, ತಾರೀಖು, ಸಂದರ್ಭದ ಒಂದು ಸಾಲು ಚೌಕಟ್ಟಿನ ಒಳಗೇ ಇರಲಿ, ವಾಟ್ಸಾಪ್‌ನಲ್ಲಿ ಅಡಿಬರಹ ಕತ್ತರಿಸಿಯೇ ಹಂಚುತ್ತಾರೆ.

ಪ್ಯಾರಿಸ್‌ನಲ್ಲಿ 2015ರ ಜನವರಿ 7ರಂದು ಶಾರ್ಲಿ ಹೆಬ್ಡೋ ಎಂಬ ವ್ಯಂಗ್ಯ ಪತ್ರಿಕೆಯ ಮೇಲೆ, ಅದರ ಚಿತ್ರಗಳ ಸಿಟ್ಟಿಗೆ, ದಾಳಿ ಮಾಡಿ 12 ಜನರನ್ನು ಕೊಂದರು. ಆ ಪತ್ರಿಕೆಯ ಎಷ್ಟೋ ಚಿತ್ರ ನಾನು ಬರೆಯುವಂಥವಲ್ಲ. ಆದರೂ ಚಿತ್ರಕ್ಕೆ ಉತ್ತರ ಚಿತ್ರ, ಮಾತು, ಬೇಕಾದರೆ ಕೋರ್ಟು. ಬಂದೂಕು ಯಾವತ್ತೂ ಅಲ್ಲ. ಮನಸ್ಸಿಗೆ ನೋವಾಯಿತು ಅನ್ನುವವರನ್ನೂ ಬೆದರಿಕೆ ಹಾಕುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನೋವಾಯಿತು ಅಂತ ಬಂದವರನ್ನು ಕೂರಿಸಿ, ಚಹಾ ಕೊಟ್ಟು ಪೂರ್ತಿ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಎಲ್ಲಿ ಚುಚ್ಚಿತು ಅಂತ ಅವರೇ ಚಿತ್ರದ ಮೇಲೆ ಬೆರಳಿಟ್ಟು ತೋರಿಸಲಿ. ತಪ್ಪು ನಿಮ್ಮದಾಗಿದ್ದರೆ ಚಿತ್ರ ಬಂದ ಜಾಗದಲ್ಲೇ ತಪ್ಪಾಯಿತು ಅಂತ ಬರೆಯಿರಿ. ಅಲ್ಲದಿದ್ದರೆ ಯಾಕೆ ಬರೆದೆ ಅಂತ ಸಮಾಧಾನದಿಂದ ಹೇಳಿ, ಚಿತ್ರ ಹಾಗೇ ಇರಲಿ. ಬೆದರಿಕೆ ಬಂದರೆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಅವತ್ತೇ ಸ್ಟೇಷನ್‌ಗೆ ಹೋಗಿ ದೂರು ಕೊಡಿ. ಒಬ್ಬರೇ ಹೋಗಬೇಡಿ.