ಗಿಟಾರಿಗೆ ದಪ್ಪ ತಂತಿ: ಪಿನ್ ಒತ್ತುವ ಮೊದಲು ಇಷ್ಟು ಓದಿ

ಹಾಡುವವರ ಶ್ರುತಿ ತಗ್ಗಿನದಾದರೆ ಗಿಟಾರನ್ನೂ ಇಳಿಸಬೇಕು. ಆಗ ಮಾಮೂಲಿ ಹನ್ನೆರಡರ ಸೆಟ್ಟು (ಮೊದಲ ತಂತಿ 0.012 ಇಂಚು ದಪ್ಪದ್ದು) ಜೋಲು ಬಿದ್ದು, ಜೋರಾಗಿ ಬಾರಿಸಿದರೆ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ತಾಗಿ ಗರ್ರೆನ್ನುತ್ತದೆ. ಇದಕ್ಕೆ ಮದ್ದು ದಪ್ಪ ತಂತಿ. ಬಸವನಗುಡಿಯ ನಮ್ಮ ಮನೆಗೆ ಭಾನುವಾರ ಭಾವಗೀತೆ ನುಡಿಸಲು ಬರುವ ಹುಡುಗರ ಕೈಯಲ್ಲಿ ಈ ಒಂದೇ ಕೆಲಸದಿಂದ ನಾಲ್ಕು ಗಿಟಾರ್ ಕೆಟ್ಟಿದ್ದನ್ನು ಕಂಡೆ. ನಾಲ್ಕರಲ್ಲೂ ತಪ್ಪಾಗಿದ್ದು ಬ್ರಿಡ್ಜಿನಲ್ಲಿ, ಅಂದರೆ ತಂತಿಗಳ ಕೆಳತುದಿ ಸಿಕ್ಕಿಸುವ ಮರದ ಪಟ್ಟಿಯಲ್ಲಿ. ಅದಕ್ಕೇ ಈ ಬರಹ.

ಆ ಮಾಮೂಲಿ ಸೆಟ್ಟಿಗೆ ಲೈಟ್ ಎನ್ನುತ್ತಾರೆ. ಅದರ ಮೊದಲ ತಂತಿ 0.012 ಇಂಚು, ಆರನೆಯದು 0.053. ದಪ್ಪ ತಂತಿಯ ಮೀಡಿಯಂ ಸೆಟ್ಟಿನಲ್ಲಿ 0.013 ಮತ್ತು 0.056. ಕೂದಲೆಳೆಯ ವ್ಯತ್ಯಾಸ ಅನ್ನಿಸಬಹುದು. ಆದರೆ ಆರೂ ತಂತಿ ಸೇರಿ ಎಳೆಯುವ ಬಲ ಸುಮಾರು 73 ಕಿಲೋದಿಂದ 84 ಕಿಲೋಗೆ ಏರುತ್ತದೆ; ಹತ್ತು ಕಿಲೋ ಅಕ್ಕಿ ಚೀಲದ ಭಾರವನ್ನು ಹಗಲೂ ರಾತ್ರಿ ಹೆಚ್ಚುವರಿಯಾಗಿ ಹೊರಿಸಿದಂತೆ. ಅರ್ಧ ಸ್ವರ ಇಳಿಸಿ ಕೂಡಿಸಿದರೆ ಅದೇ ದಪ್ಪ ತಂತಿಯ ಎಳೆತ 75 ಕಿಲೋ ಆಸುಪಾಸಿಗೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ. ಹಾಗಾಗಿ ನನ್ನ ಮಾತು ಕೇಳುವುದಾದರೆ ದಪ್ಪ ತಂತಿಯನ್ನು ಯಾವಾಗಲೂ ಅರ್ಧ ಸ್ವರ ಇಳಿಸಿಯೇ ಇಡಿ. ಮೂಲ ಶ್ರುತಿ ಬೇಕಾದಾಗ ಮೊದಲ ಫ್ರೆಟ್ಟಿಗೆ ಕ್ಯಾಪೊ (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿಕೊಳ್ಳಿ.

ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿಯನ್ನೇ ಹಾಕಕೂಡದು, ದಪ್ಪದ ಮಾತು ಆಮೇಲೆ. ನೆಕ್ಕಿನೊಳಗೆ, ಅಂದರೆ ಕತ್ತಿನೊಳಗೆ, ಅದು ಬಾಗದಂತೆ ಹಿಡಿಯುವ ಟ್ರಸ್ ರಾಡ್ ಎಂಬ ಸರಳು ಇಲ್ಲದ ಅಗ್ಗದ ಗಿಟಾರು, ಬ್ರಿಡ್ಜಿನ ಹಿಂದೆ ಈಗಾಗಲೇ ಹೊಟ್ಟೆ ಉಬ್ಬಿದ ಗಿಟಾರು, ಇವಕ್ಕೂ ಬೇಡ. ತಂತಿಯನ್ನು ಬಿಡಿಯಾಗಿ ಕೊಳ್ಳಬೇಡಿ. ಸೀಲ್ ಇಲ್ಲದ ಪೊಟ್ಟಣದ ತಂತಿ ನಮ್ಮ ಮಳೆಗಾಲದಲ್ಲಿ ಅಂಗಡಿಯಲ್ಲೇ ತುಕ್ಕು ಹಿಡಿದಿರುತ್ತದೆ. ನಾನು ಫಾಸ್ಫರ್ ಬ್ರಾಂಜ್ (ಉಕ್ಕಿನ ಮೇಲೆ ಕಂಚಿನ ಸುತ್ತಿರುವ ತಂತಿ) ಬಿಟ್ಟು ಬೇರೆ ಹಾಕುವುದಿಲ್ಲ.

ಹಳೆಯ ತಂತಿಗಳನ್ನು ಪೂರ್ತಿ ಸಡಿಲಿಸಿ, ಆಮೇಲೆ ಬಿಚ್ಚಿ. ಒಂದೊಂದಾಗಿಯೇ ಬದಲಿಸಬೇಕೆನ್ನುವುದು ಸುಳ್ಳು ಭಯ. ಅರ್ಧ ಗಂಟೆ ತಂತಿಯಿಲ್ಲದೆ ಇದ್ದರೆ ಗಿಟಾರಿಗೆ ಏನೂ ಆಗದು. ಪಿನ್, ಅಂದರೆ ತಂತಿಯ ತುದಿಯನ್ನು ಬ್ರಿಡ್ಜಿನ ತೂತಿನಲ್ಲಿ ಹಿಡಿದಿಡುವ ಪುಟ್ಟ ಗೂಟ, ಬಿಗಿಯಾಗಿದ್ದರೆ ಇಕ್ಕಳ ಹಾಕಿ ಕೀಳಬೇಡಿ, ಪಿನ್ನಿನ ಕತ್ತು ಮುರಿಯುತ್ತದೆ. ಸೌಂಡ್ ಹೋಲ್‌ನೊಳಗೆ ಕೈ ಹಾಕಿ, ಒಂದು ನಾಣ್ಯದಿಂದ ಪಿನ್ನಿನ ತುದಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ.

ಇನ್ನು ಎಲ್ಲರೂ ಎಡವುವ ಜಾಗ. ತಂತಿಯ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಗುಂಡು ಇರುತ್ತದಲ್ಲ, ಅದು ಕೂರಬೇಕಾದದ್ದು ಬ್ರಿಡ್ಜ್ ಪ್ಲೇಟಿಗೆ, ಅಂದರೆ ಒಳಗಡೆ ಅಂಟಿಸಿರುವ ಗಟ್ಟಿ ಮರದ ಹಲಗೆಗೆ, ಕೆಳಗಿನಿಂದ ಒತ್ತಿಕೊಂಡು. ಜನ ಮಾಡುವುದೇನು? ಗುಂಡನ್ನು ತೂತಿಗೆ ಇಳಿಸಿ, ಮೇಲಿನಿಂದ ಪಿನ್ನನ್ನು ಬಲವಾಗಿ ಗುದ್ದುತ್ತಾರೆ. ಗುಂಡು ಪಿನ್ನಿನ ತುದಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ತಂತಿ ಬಿಗಿದಂತೆ ಗುಂಡು ಪಿನ್ನನ್ನು ಮೇಲಕ್ಕೆ ನೂಕುತ್ತದೆ, ಕೊನೆಗೆ ಪಿನ್ ಚಿಮ್ಮುತ್ತದೆ. ದಪ್ಪ ತಂತಿಯಲ್ಲಿ ಎಳೆತ ಜಾಸ್ತಿ, ಚಿಮ್ಮುವ ರಭಸವೂ ಜಾಸ್ತಿ. ನನ್ನ ಗಿಟಾರನ್ನೇ ಒಂದು ಅಂಗಡಿಯಲ್ಲಿ ಹೀಗೆ ಕಟ್ಟಿಕೊಟ್ಟಿದ್ದರು. ಮನೆಗೆ ತಂದ ರಾತ್ರಿ ಆರನೆಯ ತಂತಿಯ ಪಿನ್ ಹಾರಿ, ತೂತಿನ ಅಂಚಿನ ಮರ ಚಕ್ಕೆಯೆದ್ದಿತ್ತು.

ಸರಿಯಾದ ಕ್ರಮ ಹೀಗಿದೆ. ಗುಂಡಿನ ಪಕ್ಕದಲ್ಲಿ ತಂತಿಯನ್ನು ಬೆರಳಿನಿಂದ ಸ್ವಲ್ಪ ಬಾಗಿಸಿ, ಗುಂಡು ನೆಕ್ಕಿನ ಕಡೆ ಮುಖ ಮಾಡುವಂತೆ ಒಳಗಿಳಿಸಿ. ಪಿನ್ನಿನ ಗಾಡಿಯೂ (ಉದ್ದಕ್ಕೆ ಕೊರೆದ ಸೀಳು) ನೆಕ್ಕಿನ ಕಡೆಗೇ ಇರಲಿ. ಪಿನ್ನನ್ನು ಸಡಿಲವಾಗಿ ಇಟ್ಟು, ಅದರ ಮೇಲೆ ಹೆಬ್ಬೆರಳನ್ನು ಸುಮ್ಮನೆ ಊರಿ, ಇನ್ನೊಂದು ಕೈಯಲ್ಲಿ ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಹಲಗೆಗೆ ಠಕ್ ಎಂದು ತಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಆಮೇಲಷ್ಟೇ ಪಿನ್ ಒತ್ತಿ. ಮತ್ತೊಮ್ಮೆ ಎಳೆಯಿರಿ, ಪಿನ್ ಅಲುಗಿದರೆ ಮೊದಲಿನಿಂದ ಮಾಡಿ. ಆರೂ ಮುಗಿದ ಮೇಲೆ ಒಳಗೆ ಕೈ ಹಾಕಿ ತಡವಿ ನೋಡಿ, ಒಂದೊಂದು ಗುಂಡೂ ಹಲಗೆಗೆ ಅಂಟಿಕೊಂಡಿರಬೇಕು. ಗುಂಡಿನ ಹತ್ತಿರದ ಎರಡು ಸುತ್ತಿನ ದಪ್ಪ ಭಾಗ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿಗಳು ಒರಗುವ ತೆಳು ಪಟ್ಟಿ) ಮೇಲೆ ಬಂದು ಕೂತಿದ್ದರೆ ಒಳಗಿನ ಹಲಗೆ ಸವೆದಿದೆ ಎಂದರ್ಥ. ರಿಪೇರಿಯವರಿಗೆ ತೋರಿಸದೆ ಮುಂದುವರಿಯಬೇಡಿ.

ಮೇಲ್ತುದಿಯ ಬಿರಡೆಗೆ ಸೆಟ್ಟಿನ ದಪ್ಪನೆಯ ತಂತಿಗಳನ್ನು ಎರಡು ಮೂರು ಸುತ್ತು ಸುತ್ತಿ, ಸಣ್ಣವನ್ನು ನಾಲ್ಕೈದು. ಹೆಚ್ಚಿನ ತುದಿಯನ್ನು ಮೊದಲು ಮಡಿಸಿ, ಆಮೇಲೆ ಕತ್ತರಿಸಿ.

ಶ್ರುತಿ ಕೂಡಿಸುವಾಗ ನಟ್ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಅಡ್ಡಪಟ್ಟಿ) ಬಳಿ ಟಿಣ್ ಎಂದು ಸದ್ದಾಗಿ ಸ್ವರ ಹಾರಿದರೆ, ತಂತಿ ನಟ್ಟಿನ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಅಲ್ಲಿಗೆ ಮೆದು ಪೆನ್ಸಿಲ್ಲಿನ ಸೀಸ ತಿಕ್ಕಿ. ಅದಕ್ಕೂ ಬಗ್ಗದಿದ್ದರೆ ಗಾಡಿ ಅಗಲಿಸಬೇಕು. ಅದಕ್ಕೆ ತಂತಿಯ ಅಳತೆಯದೇ ಅರ ಬೇಕು. ಮನೆಯ ಹ್ಯಾಕ್ಸಾ ಬ್ಲೇಡ್ ಮುಟ್ಟಿಸಬೇಡಿ. ಗಾಡಿ ಆಳವಾದರೆ ಬೆರಳಿಡದೆ ಮೀಟಿದ ತಂತಿ ಗರ್ರೆನ್ನುತ್ತದೆ, ನಟ್ಟನ್ನೇ ಬದಲಿಸಬೇಕಾಗುತ್ತದೆ.

ಒಂದು ದಿನ ಬಿಟ್ಟು ನೆಕ್ ನೋಡಿ. ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಆರನೆಯ ತಂತಿಯನ್ನು ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ಏಳನೆಯ ಫ್ರೆಟ್ಟಿನ ಮೇಲೆ ಸುಮಾರು ಕಾಲು ಮಿಲಿಮೀಟರ್ ಸಂದು ಇರಬೇಕು. ಅಳೆಯಲು ಜೆ.ಸಿ. ರಸ್ತೆಯ ಆಟೋ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜೇ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಸಾಕು. ಅದಿಲ್ಲದಿದ್ದರೆ 0.010 ಇಂಚಿನ ತಂತಿಯ ತುಂಡನ್ನು ಸಂದಿಗೆ ತೂರಿಸಿ ನೋಡಿ. ಸಂದು ದೊಡ್ಡದಾಗಿದ್ದರೆ ಸರಿಯಾದ ಅಳತೆಯ ಆಲನ್ ಕೀಯಿಂದ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತಿನ ಅರ್ಧ, ಅಂದರೆ ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಮತ್ತೆ ಅಳೆಯಿರಿ. ರಾಡ್ ಬಿಗಿಯಾಗಿ ನಿಂತರೆ ಅಲ್ಲಿಗೆ ನಿಲ್ಲಿಸಿ.

ಮೊದಲ ಎರಡು ವಾರ ದಿನಕ್ಕೊಮ್ಮೆ ಬ್ರಿಡ್ಜಿನ ಹಿಂದಿನ ಅಂಚಿಗೆ ತೆಳು ಕಾಗದ ತಾಗಿಸಿ ನೋಡಿ. ಕಾಗದ ಒಳಗೆ ಜಾರಿದರೆ ಅಂಟು ಬಿಡುತ್ತಿದೆ. ತಕ್ಷಣ ಆರೂ ತಂತಿ ಸಡಿಲಿಸಿ, ನುಡಿಸುವುದನ್ನು ನಿಲ್ಲಿಸಿ ರಿಪೇರಿಗೆ ಒಯ್ಯಿರಿ.